ಗಾಲಿ ಮಡಚಿದ ವಿಮಾನ

ಮೂರು ತಿಂಗಳು ಕೂತು ಕಟ್ಟಿದ ಹಾಕ್ ವಿಮಾನದ ಮಾದರಿಯನ್ನು ಬೀದರ್ ಸೀಮೆಯ ನಿರ್ಣಾದ ಮನೆಯ ಪಡಸಾಲೆಯಲ್ಲಿ ಮೇಜಿನ ಮೇಲೆ ಇಟ್ಟಿದ್ದೆ. ಕಾಕಾ ಬಂದವರು ಸುತ್ತ ತಿರುಗಿ ನೋಡಿದರು. "ಛಲೋ ಮಾಡೀದಿ. ಆದ್ರ ಇದಕ್ಕ ಗಾಲಿ ಯಾಕ ಅವ? ನಾವು ನೋಡಿದ ವಿಮಾನಕ್ಕ ಗಾಲಿ ಇರಲಿಲ್ಲಲ್ಲ" ಎಂದರು.

ಅವರ ಮಾತು ಸರಿ. ಬೀದರ್ ವಾಯುನೆಲೆಯಲ್ಲಿ ಪೈಲಟ್‌ಗಳ ತರಬೇತಿ ನಡೆಯುತ್ತದೆ. ಆಕಾಶದಲ್ಲಿ ಕಸರತ್ತು ತೋರುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಕಿರಣ್ ವಿಮಾನಗಳೊಂದಿಗೆ ಹುಟ್ಟಿದ್ದು ಅಲ್ಲಿಯೇ. 2008ರಲ್ಲಿ ತರಬೇತಿಯ ಹಾಕ್ ಜೆಟ್ ಅಲ್ಲಿಗೆ ಬಂತು. 2011ರಲ್ಲಿ ನಿಂತ ಸೂರ್ಯಕಿರಣ ಮತ್ತೆ ಹಾರಿದ್ದು ಕೆಂಪು–ಬಿಳಿ ಬಣ್ಣದ ಹಾಕ್‌ಗಳಲ್ಲಿ. ತೊಗರಿ ಹೊಲದಲ್ಲಿ ನಿಂತು ತಲೆ ಎತ್ತಿದ ನಮ್ಮ ಕಡೆಯವರಿಗೆ ಕಂಡದ್ದು ವಿಮಾನದ ಹೊಟ್ಟೆ, ರೆಕ್ಕೆಯ ಅಡಿಭಾಗ, ತಿರುವಿನಲ್ಲಿ ಬಾಗಿದ ಮೈ. ನೆಲದ ಮೇಲೆ ಗಾಲಿಯೂರಿ ನಿಂತ ವಿಮಾನವನ್ನು ಕಂಡವರು ಕಡಿಮೆ. ಅಂದೇ ನನ್ನ ಮಾದರಿಯ ಗಾಲಿಗಳನ್ನು ಕಿತ್ತೆ. ದೊಡ್ಡ ಮಾದರಿ ಕಟ್ಟುವವರು ಅದನ್ನು ಹಾರುವ ಭಂಗಿಯಲ್ಲೇ ನಿಲ್ಲಿಸಬೇಕೆಂದು ಅಂದಿನಿಂದ ಹೇಳುತ್ತ ಬಂದಿದ್ದೇನೆ.

ನನ್ನದು ರೆವೆಲ್ ಕಂಪನಿಯ 1:32 ಪ್ರಮಾಣದ ಕಿಟ್. ಉದ್ದ ಸುಮಾರು 37 ಸೆಂ.ಮೀ., ರೆಕ್ಕೆಯ ತುದಿಯಿಂದ ತುದಿಗೆ 29 ಸೆಂ.ಮೀ. ಅದು ಬ್ರಿಟಿಷರ ಹಾಕ್. ನಮ್ಮ ವಾಯುಪಡೆಯ ಹಾಕ್ ಮಾರ್ಕ್ 132ರ ಮೂಗು ಬೇರೆ. ಪುಟ್ಟಿ ಹಚ್ಚಿ ತಿದ್ದಿಕೊಳ್ಳಬೇಕು. ಇಷ್ಟು ದೊಡ್ಡದನ್ನು ಗಾಳಿಯಲ್ಲಿ ನಿಲ್ಲಿಸುವುದಾದರೆ ಮೊದಲು ಯೋಚಿಸಬೇಕಾದದ್ದು ಭಾರದ ಬಗ್ಗೆ. ಹೆಚ್ಚಿನವರು ಕೊನೆಯಲ್ಲಿ ಹೊಟ್ಟೆಗೊಂದು ತೂತು ಕೊರೆದು ಕಡ್ಡಿ ಚುಚ್ಚುತ್ತಾರೆ. ವರ್ಷ ಕಳೆಯುವುದರೊಳಗೆ ಪ್ಲಾಸ್ಟಿಕ್ ಬಿರಿದು ತೂತು ಸಡಿಲಾಗುತ್ತದೆ, ವಿಮಾನ ಮೂಗು ಮುಗ್ಗರಿಸುತ್ತದೆ. ಹಾಕ್‌ಗೆ ಇರುವುದು ಒಂದೇ ಎಂಜಿನ್, ಹೊಗೆ ಹೋಗುವ ಕೊಳವೆ ಬಾಲದ ಕೆಳಗೆ. ಆ ಕೊಳವೆಯೇ ನಮ್ಮ ದಾರಿ. ಮೈಯ ಎರಡು ಹೋಳುಗಳನ್ನು ಅಂಟಿಸುವ ಮೊದಲೇ ಒಂದು ಹಿತ್ತಾಳೆ ಕೊಳವೆಯನ್ನು ಬಾಲದಿಂದ ರೆಕ್ಕೆಯ ಬುಡದವರೆಗೆ ಒಳಗೆ ಕೂರಿಸಿ ಎಪಾಕ್ಸಿಯಿಂದ ಭದ್ರ ಮಾಡಬೇಕು. ಸ್ಟ್ಯಾಂಡಿನ ಸರಳು ಅದರೊಳಗೆ ಜಾರಿ ನಿಂತರೆ ಹೊಟ್ಟೆಯಲ್ಲಿ ಒಂದು ಕಲೆಯೂ ಇರುವುದಿಲ್ಲ.

ಮೂಗಿನ ಕೆಳಗೆ ಗಾಲಿ ಇರುವ ಮಾದರಿ ಬಾಲದ ಮೇಲೆ ಕೂರದಿರಲೆಂದು ಮೂಗಿನಲ್ಲಿ ಸೀಸದ ಗುಂಡು ತುಂಬುವ ರೂಢಿಯಿದೆ. ಹಾರುವ ಮಾದರಿಗೆ ಅದು ಬೇಡ. ಬಾಲದಿಂದ ಹಿಡಿದ ವಿಮಾನಕ್ಕೆ ಮುಂದಿನ ಪ್ರತಿ ಗ್ರಾಮೂ ಸರಳಿಗೆ ಹೊರೆ. ಮಾದರಿ ಮುಗಿದ ಮೇಲೆ ಬೆರಳ ತುದಿಯಲ್ಲಿ ಸಮತೂಕ ನೋಡಿ. ಅದು ನಿಲ್ಲುವ ಬಿಂದುವಿನ ನೇರ ಕೆಳಗೆ ಪೀಠದ ನಡು ಬರಬೇಕು. ಸರಳು ಹಿಂದಿನಿಂದ ಏರಿದರೂ ಪೀಠ ಮುಂದಕ್ಕೆ ಚಾಚಿರಬೇಕು.

ಪೀಠ ಹೇಗಿರಬೇಕೆಂದು ನಾನು ಕಲಿತದ್ದು ಬಿದರಿ ಹೂಜಿಯಿಂದ. ಸತು–ತಾಮ್ರದ ಎರಕಕ್ಕೆ ಬೆಳ್ಳಿ ತಂತಿ ಕೂರಿಸಿ ಬೀದರ್ ಕೋಟೆಯ ಮಣ್ಣಿನ ದ್ರಾವಣದಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ. ಆ ಕಪ್ಪನ್ನು ಯಾರೂ ನೋಡುವುದಿಲ್ಲ. ಸ್ಟ್ಯಾಂಡ್ ಕೂಡ ಹಾಗೆಯೇ ಇರಬೇಕು: ಹೊಳಪಿಲ್ಲದ ಕಪ್ಪು ಬಣ್ಣದ ತೇಗದ ಹಲಗೆ, ತೆಳುವಾದ ಉಕ್ಕಿನ ಸರಳು, ಅಷ್ಟೇ. ಬಾಲದ ಹಿಂದೆ ಹೊಗೆಯೆಂದು ಹತ್ತಿ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಹೊಸದರಲ್ಲಿ ಚೆಂದ, ಒಂದು ಬೇಸಿಗೆಯ ಕೆಂಪು ಧೂಳು ಕೂತ ಮೇಲೆ ಅದು ಜೇಡರ ಬಲೆ.

ಇನ್ನು ಭಂಗಿ. ಗಾಲಿ ಮುಚ್ಚಿದ ಮೇಲೆ ಕಾಕ್‌ಪಿಟ್ ಖಾಲಿ ಇರಕೂಡದು. ಇಬ್ಬರಲ್ಲದಿದ್ದರೂ ಮುಂದಿನ ಆಸನದಲ್ಲಿ ಒಬ್ಬ ಪೈಲಟ್ ಬೇಕೇ ಬೇಕು. ಗಾಲಿಗೂಡಿನ ಬಾಗಿಲುಗಳನ್ನು ಕಿಟ್‌ನವರು ತೆರೆದಿಡಲೆಂದೇ ಅಚ್ಚು ಹಾಕಿರುತ್ತಾರೆ. ಅವನ್ನು ತೀಡಿ ಬಿರುಕು ಕಾಣದಂತೆ ಕೂರಿಸುವುದು ಎರಡು ರಾತ್ರಿಯ ಕೆಲಸ. ಬಾಗಿದ ವಿಮಾನ ತೋರಿಸುವಾಗ ಬಹಳ ಜನ ರೆಕ್ಕೆಯ ಹಿಂದಂಚಿನಲ್ಲಿ ಆಡುವ ಪಟ್ಟಿಗಳಾದ ಎಯ್ಲರಾನ್‌ಗಳನ್ನು ಒಂದು ಮೇಲೆ, ಒಂದು ಕೆಳಗೆ ಮಾಡಿ ಬಿಡುತ್ತಾರೆ. ಅದು ಬಾಗಲು ತೊಡಗಿದ ಗಳಿಗೆಯ ಚಿತ್ರ. ತಿರುವು ಹಿಡಿದು ನಿಂತ ವಿಮಾನದಲ್ಲಿ ಅವು ಹೆಚ್ಚುಕಡಿಮೆ ಸಮಕ್ಕೆ ಬಂದಿರುತ್ತವೆ. ಹಾಕ್‌ನ ಬಾಲದ ಅಡ್ಡರೆಕ್ಕೆ ಇಡಿಯಾಗಿ ಹೊರಳುವಂಥದ್ದು. ಅದರ ಮುಂದಿನ ಅಂಚನ್ನು ಒಂದಿಷ್ಟೇ ಕೆಳಗಿಟ್ಟು, ಮೂಗು ತುಸು ಎತ್ತಿ, 40 ಡಿಗ್ರಿ ಬಾಗಿಸಿದೆ. ವಿಮಾನಕ್ಕೆ ಜೀವ ಬಂತು.

ಎಲ್ಲಿಡುವುದು? ಮೇಜಿನ ಮೇಲಂತೂ ಅಲ್ಲ. ಜಂತಿಗೆ ದಾರ ಕಟ್ಟಿ ತೂಗುಬಿಟ್ಟರೆ ಫ್ಯಾನಿನ ಗಾಳಿಗೆ ಗಿರಗಿರ ತಿರುಗುತ್ತದೆ. ಕಿಟಕಿಯ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ನಾನು ಪಡಸಾಲೆಯ ಉತ್ತರದ ಗೋಡೆಗೆ ಆರಡಿ ಎತ್ತರದಲ್ಲಿ ಹಲಗೆ ಹೊಡೆಸಿ, ಪೀಠವನ್ನು ಅದರ ಅಂಚಿಗೆ ತಿರುಪು ಹಾಕಿ ಬಿಗಿದು, ವಿಮಾನ ಹಲಗೆಯಿಂದ ಆಚೆ ಚಾಚುವಂತೆ ನಿಲ್ಲಿಸಿದೆ. ತಿರುಪು ಹಿಡಿದಿರುವುದರಿಂದ ಸಮತೂಕದ ನಿಯಮವನ್ನು ಇಲ್ಲಿ ಮಾತ್ರ ಸಡಿಲಿಸಿದ್ದೇನೆ. ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಅದರ ಹೊಟ್ಟೆ.

ಕಾಕಾ ಈಗ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಕತ್ತೆತ್ತಿ ನೋಡುತ್ತಾರೆ. ನಿಮ್ಮ ಮನೆಯಲ್ಲಿ ಕಿಟ್ ಇನ್ನೂ ಪೆಟ್ಟಿಗೆಯಲ್ಲೇ ಇದ್ದರೆ ಮೈ ಅಂಟಿಸಲು ಅವಸರ ಮಾಡಬೇಡಿ, ಮೊದಲು ಹಿತ್ತಾಳೆ ಕೊಳವೆ ತನ್ನಿ.