ಸಾರಸಂಗ್ರಹದ ಗುಣದೋಷಗಳು

ಗ್ರಂಥಗಳನ್ನು ಓದುವಾಗ ಮನಸ್ಸಿಗೆ ನಾಟಿದ ವಿಚಾರಗಳನ್ನು ಒಂದು ವಹಿಯಲ್ಲಿ ಬರೆದಿಡುವ ಅಭ್ಯಾಸವು ವಿದ್ಯಾವಂತರ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಯಂತ್ರ, ಉದ್ಯೋಗ, ವಿದ್ಯಾಭ್ಯಾಸ ಇವುಗಳನ್ನು ಕುರಿತ ಪುಸ್ತಕಗಳು ಈಗ ಹೇರಳವಾಗಿ ದೊರೆಯುವುದರಿಂದ ಇಂತಹ ವಹಿಗಳು ಬೇಗನೆ ತುಂಬುತ್ತವೆ. ಆದರೆ ವಹಿ ತುಂಬಿದ ಮಾತ್ರಕ್ಕೆ ಬುದ್ಧಿ ತುಂಬಿತೆ? ಇದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಕನ್ನಡದಲ್ಲಿಯೇ ಪ್ರಾಚೀನವಾದ ನಿದರ್ಶನವುಂಟು. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದ ಇಮ್ಮಡಿ ಚಾವುಂಡರಾಯನು ಸುಮಾರು ಕ್ರಿ.ಶ. 1025ರಲ್ಲಿ ‘ಲೋಕೋಪಕಾರ’ವೆಂಬ ಪದ್ಯಗ್ರಂಥವನ್ನು ರಚಿಸಿದನು. ಮನೆ ಕಟ್ಟುವುದು, ಅಂತರ್ಜಲವನ್ನು ಗುರುತಿಸುವುದು, ಗಿಡಮರಗಳ ಪೋಷಣೆ, ಪಾಕ, ಸುಗಂಧದ್ರವ್ಯ, ಪಶುವೈದ್ಯ ಮುಂತಾದ ವಿಷಯಗಳ ಸಾರವನ್ನು ಅದರ 12 ಅಧ್ಯಾಯಗಳಲ್ಲಿ ಕಾಣಬಹುದು. ಪಂಪ ರನ್ನರ ವೀರಕಾವ್ಯಗಳಿಂದ ಮೆರೆದ ಭಾಷೆಯಲ್ಲಿ ಒಕ್ಕಲಿಗನ ಮತ್ತು ಗೃಹಿಣಿಯ ಕಾರ್ಯಕ್ಕೂ ಸ್ಥಾನವಿತ್ತುದು ಅವನ ಹಿರಿಮೆ. ಆದರೆ ಕೈಯಾರೆ ಮಾಡಿ ಪರೀಕ್ಷಿಸತಕ್ಕ ವಿಧಿಗಳೂ ಶಕುನಗಳೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ; ಯಾವುದನ್ನು ಪರೀಕ್ಷಿಸಿದೆ, ಯಾವುದನ್ನು ಕೇಳಿ ನಂಬಿದೆ ಎಂಬ ಭೇದ ತೋರುವುದಿಲ್ಲ. ಅದು ಅವನ ಯುಗದ ದೋಷವೆಂದು ಕ್ಷಮಿಸಬಹುದು. ಇಂದಿನ ವಹಿಗಳಲ್ಲಿಯೂ ಅದೇ ದೋಷವು ಕಂಡರೆ ಕ್ಷಮೆಗೆ ಆಧಾರವಿಲ್ಲ.

ಕಾರಣವನ್ನು ಬಿಟ್ಟು ವಾಕ್ಯವನ್ನಷ್ಟೇ ಎತ್ತಿಕೊಂಡರೆ ಆಗುವ ಹಾನಿ ಅಲ್ಪವಲ್ಲ. ಆಳವಾಗಿ ತೋಡಿದಷ್ಟೂ ನೀರು ಹೆಚ್ಚೆಂಬ ಮಾತು ಘಟ್ಟದ ಮೇಲಣ ಅನೇಕ ಬಾವಿಗಳಿಗೆ ಸಲ್ಲಬಹುದು. ಕಾರವಾರದ ಕಡಲಂಚಿನ ಮರಳುನೆಲದಲ್ಲಿ ಅದನ್ನೇ ನಂಬಿದವನ ಕೊಡಕ್ಕೆ ಉಪ್ಪುನೀರು ಬಂದೀತು. ಅಲ್ಲಿ ಮಳೆಯ ಸಿಹಿನೀರು ಹಗುರವಾದುದರಿಂದ ಭಾರವಾದ ಉಪ್ಪುನೀರಿನ ಮೇಲೆ ತೇಲಿ ನಿಂತಿರುತ್ತದೆ. ಮಿತಿಮೀರಿ ತೋಡಿದರೆ ಅಥವಾ ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಈ ಕಾರಣವನ್ನು ಅರಿತವನಿಗೆ ಎರಡೂ ನೆಲಗಳು ಅರ್ಥವಾಗುತ್ತವೆ. ವಾಕ್ಯವನ್ನಷ್ಟೇ ಕಂಠಪಾಠ ಮಾಡಿದವನಿಗೆ ಒಂದೂ ಆಗದು.

ವಿದ್ಯೆಯು ನಾಲ್ಕು ಕಾಲಗಳಲ್ಲಿ ಸಾರ್ಥಕವಾಗುವುದೆಂದು ಮಹಾಭಾಷ್ಯಕಾರನಾದ ಪತಂಜಲಿಯು ವಿವರಿಸಿದ್ದಾನೆ. ಗುರುವಿನಿಂದ ಪಡೆಯುವುದು, ತಾನೇ ಅಭ್ಯಸಿಸುವುದು, ಇತರರಿಗೆ ಬೋಧಿಸುವುದು, ವ್ಯವಹಾರದಲ್ಲಿ ಬಳಸುವುದು, ಇವೇ ಆ ನಾಲ್ಕು. ಸಂಗ್ರಹದ ವಹಿಯು ಮೊದಲನೆಯ ಮೆಟ್ಟಿಲಷ್ಟೆ. ಅಲ್ಲಿಯೇ ಕುಳಿತವನು ಮೆಟ್ಟಿಲನ್ನೇ ಮನೆಯೆಂದು ತಿಳಿದಂತಾಯಿತು.

ಗ್ರಂಥದಿಂದ ಬಾರದ ವಿಚಾರಕ್ಕೆ ವಹಿಯಲ್ಲಿ ಎಡೆಯಿಲ್ಲದಿರುವುದು ಇನ್ನೊಂದು ನ್ಯೂನತೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದುಡಿದು, ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂಬುದನ್ನು ಕಣ್ಣು ಕೈಗಳಿಂದಲೇ ಕಲಿತರು. ಅವರಿಗೆ 2020ನೆಯ ಸಾಲಿನ ಪದ್ಮಶ್ರೀ ಸಂದಿತು; 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥವರ ಅರಿವನ್ನು ಅವರು ಇರುವಾಗಲೇ ಕೇಳಿ ಬರೆದುಕೊಳ್ಳದಿದ್ದರೆ ಅದು ಅವರೊಡನೆಯೇ ಹೊರಟುಹೋಗುತ್ತದೆ. ಮುದ್ರಿತ ಪುಸ್ತಕವಾದರೋ ನಾಳೆಯೂ ಕಪಾಟಿನಲ್ಲಿಯೇ ಇರುತ್ತದೆ.

ಆದುದರಿಂದ ಸಂಗ್ರಹವನ್ನು ತೊರೆಯಬೇಕಾದುದಿಲ್ಲ, ತಿದ್ದಬೇಕು. ಪ್ರತಿಯೊಂದು ವಿಚಾರದ ಬದಿಯಲ್ಲಿ ಹೇಳಿದವರಾರು, ಅದು ಯಾವ ನೆಲಕ್ಕೆ ಸಲ್ಲುವುದು, ಕಾರಣವೇನು ಎಂಬ ಮೂರು ಸಂಗತಿಗಳನ್ನು ಬರೆಯತಕ್ಕದ್ದು. ಅದರ ಕೆಳಗೆ ಒಂದು ಪಂಕ್ತಿ ಬರಿದಾಗಿರಲಿ. ಆ ಮನೆಯ ಮಕ್ಕಳು ತಾವೇ ಮಾಡಿ ನೋಡಿದ ದಿನ ಅದನ್ನು ತುಂಬುವರು.