‘ಮಾರಕ ಕೊಡುಗೆ’: ಒಂದು ವಿಮರ್ಶೆ

ಅಮೆರಿಕದ ವಿದ್ವಾಂಸ ಜೇರೆಡ್ ಡೈಮಂಡ್ ಅವರ ‘ಗನ್ಸ್, ಜರ್ಮ್ಸ್ ಅಂಡ್ ಸ್ಟೀಲ್’ ಎಂಬ ಗ್ರಂಥವು 1997ರಲ್ಲಿ ಪ್ರಕಟವಾಗಿ, ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿಗೆ ಪಾತ್ರವಾಯಿತು. ಅದರ ಹನ್ನೊಂದನೆಯ ಅಧ್ಯಾಯಕ್ಕೆ ಗ್ರಂಥಕರ್ತರು ಕೊಟ್ಟ ಶೀರ್ಷಿಕೆಯನ್ನು ‘ಸಾಕುಪ್ರಾಣಿಗಳ ಮಾರಕ ಕೊಡುಗೆ’ ಎಂದು ಕನ್ನಡಿಸಬಹುದು. ಪಶುಪಾಲನೆಯಿಂದಲೇ ಮನುಕುಲಕ್ಕೆ ಮಹಾರೋಗಗಳು ಅಂಟಿದವೆಂಬುದು ಅದರ ಸಾರಾಂಶ. ಮಾಂಸಾಹಾರವನ್ನು ಖಂಡಿಸಬಯಸುವವರಿಗೆ ಇದಕ್ಕಿಂತ ಅನುಕೂಲವಾದ ಆಧಾರ ಬೇರೆ ದೊರೆಯಲಾರದು. ಅನುಕೂಲವಾದ ಆಧಾರವನ್ನೇ ಹೆಚ್ಚು ಎಚ್ಚರಿಕೆಯಿಂದ ಪರೀಕ್ಷಿಸಬೇಕಾಗುತ್ತದೆ.

ಅಧ್ಯಾಯದ ಗುಣವನ್ನು ಮೊದಲು ಹೇಳುವುದು ನ್ಯಾಯ. ದಡಾರದಂತಹ ರೋಗವು ಬಂದವರನ್ನು ಕೊಲ್ಲುತ್ತದೆ, ಇಲ್ಲವೇ ಜೀವಮಾನದ ರಕ್ಷಣೆ ಕೊಟ್ಟು ಬಿಡುತ್ತದೆ. ಹೀಗಾಗಿ ಅದು ಉಳಿಯಬೇಕಾದರೆ ಹೊಸ ಶಿಶುಗಳು ನಿರಂತರವಾಗಿ ಹುಟ್ಟುತ್ತಿರಬೇಕು. ಸುಮಾರು 5 ಲಕ್ಷಕ್ಕಿಂತ ಕಡಿಮೆ ಜನರಿರುವಲ್ಲಿ ದಡಾರ ತಾನಾಗಿಯೇ ನಂದಿಹೋಗುತ್ತದೆ. ರೋಗಾಣುವಿನ ಬದುಕು ಸಂಖ್ಯೆಯನ್ನು ಅವಲಂಬಿಸಿದೆ ಎಂಬ ಈ ಗಣಿತವನ್ನು ಸಾಮಾನ್ಯ ವಾಚಕರಿಗೆ ಇಷ್ಟು ಸರಳವಾಗಿ ತಿಳಿಸಿದ ಗ್ರಂಥಗಳು ವಿರಳ.

ದೋಷವಿರುವುದು ಅಲ್ಲಿಯೇ ಕೊಟ್ಟಿರುವ ಪಟ್ಟಿಯಲ್ಲಿ. ದಡಾರ, ಕ್ಷಯ, ಸಿಡುಬುಗಳನ್ನು ದನದ ಹೆಸರಿಗೂ, ಫ್ಲೂ ಜ್ವರವನ್ನು ಹಂದಿ ಮತ್ತು ಬಾತುಕೋಳಿಯ ಹೆಸರಿಗೂ, ಮಾರಕ ಮಲೇರಿಯವನ್ನು ಪಕ್ಷಿಗಳ ಹೆಸರಿಗೂ ಬರೆಯಲಾಗಿದೆ. ದಡಾರವು ದನಗಳ ದೊಡ್ಡರೋಗಕ್ಕೆ ಹತ್ತಿರದ ಬಂಧುವೆಂಬುದು ಇಂದಿಗೂ ನಿಲ್ಲುತ್ತದೆ. ಕ್ಷಯದ ಮಾತು ನಿಲ್ಲಲಿಲ್ಲ. ಮನುಷ್ಯನ ಕ್ಷಯಾಣು ದನದ ಕ್ಷಯಾಣುವಿನಿಂದ ಹುಟ್ಟಿದ್ದಲ್ಲವೆಂದು 2002ರ ಅನುವಂಶೀಯ ಸಂಶೋಧನೆ ತೋರಿಸಿತು. ಸಿಡುಬಿನ ವೈರಾಣುವಿನ ಸಮೀಪ ಬಂಧುಗಳು ದನದಲ್ಲಲ್ಲ, ಒಂಟೆಯಲ್ಲಿಯೂ ಆಫ್ರಿಕದ ಒಂದು ಜಾತಿಯ ಇಲಿಯಲ್ಲಿಯೂ ಇವೆ. ಆ ಮಲೇರಿಯವಂತೂ ಗೊರಿಲ್ಲಾಗಳಿಂದ ಬಂದುದೆಂದು 2010ರಲ್ಲಿ ಪ್ರಕಟವಾಯಿತು. 1997ರಲ್ಲಿ ತಿಳಿಯದಿದ್ದುದಕ್ಕೆ ಗ್ರಂಥಕರ್ತರನ್ನು ದೂಷಿಸಲಾಗದು. ಆದರೆ ಆ ಪಟ್ಟಿಯನ್ನು ಇಂದಿಗೂ ಹಾಗೆಯೇ ಉದ್ಧರಿಸುವವರು ಹಳೆಯ ಖಾತೆಯ ಬಾಕಿಯನ್ನು ಪರಿಶೀಲಿಸದೆ ಹೊಸ ಪುಸ್ತಕಕ್ಕೆ ಎಳೆದಂತೆ ಆಗುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ‘ಕೊಡುಗೆ’ ಎಂಬ ಪದದ ಮೇಲೆಯೇ ಇದೆ. ಕೊಡುಗೆ ಎಂದೊಡನೆ ಕೊಟ್ಟವನೊಬ್ಬನಿರಬೇಕು. ಇಲ್ಲಿ ಆ ಸ್ಥಾನದಲ್ಲಿ ನಿಲ್ಲಿಸಿರುವುದು ಮೂಕಪ್ರಾಣಿಯನ್ನು. ಕರ್ನಾಟಕದ ವಾಚಕರು ಈ ಮಾತನ್ನು ತೂಗಿ ನೋಡಲು ದೂರ ಹೋಗಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸಾಯತೊಡಗಿದವು. ಹಿಂದೆಯೇ ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನ ಕೇಂದ್ರದವರು ಹೊಸ ವೈರಾಣುವನ್ನು ಗುರುತಿಸಿದರು. ಜನ ಅದನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ಆದರೆ ಮಂಗವೂ ಇಲ್ಲಿ ರೋಗಿಯೇ. ರೋಗವನ್ನು ದಾಟಿಸುವುದು ಉಣುಗು.

ಉಣುಗು ಹೆಚ್ಚಿದ್ದೇಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟ ವಿಜ್ಞಾನಿ ಹೋರ್ಹೆ ಬೊಷೆಲ್ ಅವರು 1969ರಲ್ಲಿ ಬರೆದ ಪ್ರಬಂಧವನ್ನು ಡೈಮಂಡರ ಅಧ್ಯಾಯದ ಪಕ್ಕದಲ್ಲಿರಿಸಿ ಓದಬೇಕು. ಆ ಪ್ರದೇಶದಲ್ಲಿ ಜನಸಂಖ್ಯೆ ಏರಿತು, ಗದ್ದೆಗಾಗಿ ಕಾಡು ಕಡಿಯಲಾಯಿತು, ಮೇವಿಗೆ ದನಗಳು ಕಾಡಿನೊಳಕ್ಕೆ ನಡೆದವು. ಬೆಳೆದ ಉಣುಗುಗಳಿಗೆ ದನದ ಮೈಯಲ್ಲಿ ಯಥೇಚ್ಛವಾಗಿ ರಕ್ತ ದೊರೆತು ಅವುಗಳ ಸಂತತಿ ವೃದ್ಧಿಸಿತು. ಮರಿ ಉಣುಗುಗಳು ಮಂಗಕ್ಕೂ, ಸೌದೆಗೆ ಬಂದ ಮನುಷ್ಯನಿಗೂ ಕಚ್ಚಿದವು. ಗಮನಿಸಬೇಕಾದ ಸಂಗತಿಯೆಂದರೆ, ದನವು ಈ ವೈರಾಣುವಿನ ಆಶ್ರಯವಲ್ಲ. ಅದು ಉಣುಗಿಗೆ ಊಟವಾಯಿತು ಅಷ್ಟೆ. ‘ಕೊಡುಗೆ’ಯ ಸಿದ್ಧಾಂತದಲ್ಲಿ ಇಂತಹ ದನಕ್ಕೆ ಸ್ಥಾನವೇ ಇಲ್ಲ. ಮುಂದೆ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದು ಗೇರು ತೋಟ ಎಬ್ಬಿಸಿದೆಡೆಯೂ ಇದೇ ರೋಗ ತಲೆಯೆತ್ತಿತು.

ಎರಡನೆಯ ನಿದರ್ಶನ ಗ್ರಂಥ ಪ್ರಕಟವಾದ ಮರುವರ್ಷದ್ದು. ಮಲೇಷ್ಯದ ಇಪೋ ನಗರದ ಸಮೀಪ 30,000ಕ್ಕೂ ಮಿಗಿಲಾಗಿ ಹಂದಿಗಳಿದ್ದ ಒಂದು ಸಾಕಣೆ ಕೇಂದ್ರದಲ್ಲಿ, ಗೂಡುಗಳಿಗೆ ತಾಗಿದಂತೆ ಮಾವಿನ ಮರಗಳನ್ನೂ ಬೆಳೆಸಲಾಗಿತ್ತು. ಒಂದೇ ನೆಲದಿಂದ ಎರಡು ಆದಾಯ. ಮಾವಿಗೆ ಬಂದ ಹಣ್ಣು ಬಾವಲಿಗಳ ಎಂಜಲು ಗೂಡಿಗೆ ಬಿತ್ತು. ಮೊದಲ ಸಲ ಬಂದ ಸೋಂಕು ಹಿಂಡಿನಲ್ಲಿ ಹರಡಿ ಆರಿಹೋಯಿತು; ಮತ್ತೊಮ್ಮೆ ಬಂದದ್ದು ಆರಲಿಲ್ಲ. ಅಷ್ಟು ದೊಡ್ಡ ಕೇಂದ್ರದಲ್ಲಿ ರಕ್ಷಣೆಯಿಲ್ಲದ ಹೊಸ ಮರಿಗಳು ದಿನವೂ ಹುಟ್ಟುತ್ತಿದ್ದವು, ಅವುಗಳೇ ರೋಗಾಣುವನ್ನು ಉಳಿಸಿದವು ಎಂಬ ವಿವರಣೆಯನ್ನು 2012ರಲ್ಲಿ ಸಂಶೋಧಕರು ಮುಂದಿಟ್ಟರು. ಇದು ಡೈಮಂಡರ ದಡಾರದ ಗಣಿತವೇ! ನಗರದ ಬದಲು ಹಂದಿದೊಡ್ಡಿ, ಶಿಶುವಿನ ಬದಲು ಹಂದಿಮರಿ. ಇಷ್ಟು ಸಮರ್ಥವಾದ ಸೂತ್ರವನ್ನು ಕೈಯಲ್ಲಿ ಹಿಡಿದಿದ್ದವರು ಅದನ್ನು ಪ್ರಾಚೀನ ನಗರಗಳಿಗೆ ಮಾತ್ರ ಅನ್ವಯಿಸಿ, ತಮ್ಮ ಕಾಲದ ದೊಡ್ಡಿಗಳ ಬಾಗಿಲಲ್ಲಿ ನಿಲ್ಲಿಸಿಬಿಟ್ಟರೆಂಬುದೇ ಈ ಅಧ್ಯಾಯದ ನಿಜವಾದ ಕೊರತೆ.

ಮಾರಾಟವಾದ ಹಂದಿಗಳೊಡನೆ ರೋಗ ದಕ್ಷಿಣಕ್ಕೆ ಸಾಗಿತು. ಅಧಿಕಾರಿಗಳು ಮೊದಲು ಅದನ್ನು ಜಪಾನೀ ಮಿದುಳು ಜ್ವರವೆಂದು ಬಗೆದು ಸೊಳ್ಳೆಗಳಿಗೆ ಹೊಗೆ ಹಾಕಿಸಿದರು, ಜನರಿಗೆ ಲಸಿಕೆ ಹಾಕಿಸಿದರು. 1999ರ ಮಾರ್ಚಿಯಲ್ಲಿ ವೈರಾಣು ಪತ್ತೆಯಾಗಿ, ಸುಂಗೈ ನಿಪಾ ಎಂಬ ಹಳ್ಳಿಯ ಹೆಸರು ಅದಕ್ಕಂಟಿತು. 265 ಜನ ರೋಗಕ್ಕೆ ತುತ್ತಾಗಿ 105 ಜನ ಮಡಿದರು. ನಿಯಂತ್ರಣಕ್ಕಾಗಿ 10 ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಲ್ಲಲಾಯಿತು. ಗೂಡು ಕಟ್ಟುವ ಸ್ಥಳವನ್ನಾಗಲಿ, ಮರ ನೆಡುವ ಸ್ಥಳವನ್ನಾಗಲಿ ಆ ಹಂದಿಗಳು ಆರಿಸಿರಲಿಲ್ಲ.

ಸಸ್ಯಾಹಾರಿ ಕುಟುಂಬಗಳ ವಾಚಕರು ಇಷ್ಟನ್ನು ಓದಿ ಸಮಾಧಾನಪಟ್ಟುಕೊಳ್ಳುವುದು ಸಹಜ. ಆದರೆ ಬಾಂಗ್ಲಾದೇಶದಲ್ಲಿ 2001ರಿಂದ ಮರುಕಳಿಸುತ್ತಿರುವ ನಿಪಾ ರೋಗಕ್ಕೆ ಹಂದಿಯ ನೆರವು ಬೇಕಾಗಲಿಲ್ಲ. ಬಾವಲಿ ನೆಕ್ಕಿದ ಈಚಲು ಮರದ ಹಸಿ ರಸವೇ ಅಲ್ಲಿ ಮುಖ್ಯ ಹಾದಿ. ದನದ ಕ್ಷಯವೂ ಬ್ರುಸೆಲ್ಲೋಸಿಸ್ ಎಂಬ ಜ್ವರವೂ ಕಾಯಿಸದ ಹಾಲಿನ ಮೂಲಕ ಮನೆಯೊಳಗೆ ಬರಬಲ್ಲವು. ಕ್ಯಾಸನೂರಿನ ಕಾಡಿಗೆ ಮೇಯಲು ಹೋದ ದನಗಳು ಕಸಾಯಿಖಾನೆಗೆ ಬೆಳೆಸಿದವಲ್ಲ. ಹಾಲಿಗೆ, ಗೊಬ್ಬರಕ್ಕೆ, ಉಳುಮೆಗೆ ಸಾಕಿದಂಥವು. ಪ್ರಾಣಿಯನ್ನು ತಿನ್ನುವವನೊಬ್ಬನೇ ಈ ಲೆಕ್ಕದಲ್ಲಿ ಸಾಲಗಾರನಲ್ಲ, ಕಟ್ಟಿ ಸಾಕುವವನೂ ಹೌದು. ಗೋಶಾಲೆಗಳನ್ನು ನಡೆಸುವ ಟ್ರಸ್ಟುಗಳು ಇನ್ನೂ ನೂರು ದನಗಳಿಗೆ ಆಶ್ರಯ ಕೊಡುವ ನಿರ್ಣಯ ಮಾಡುವಾಗ, ಮೇವಿನ ಖರ್ಚಿನ ಜೊತೆಗೆ ಆ ದನಗಳು ಎಷ್ಟು ಇಕ್ಕಟ್ಟಿನಲ್ಲಿ ನಿಲ್ಲುತ್ತವೆ, ಯಾವ ಕಾಡಂಚಿಗೆ ಮೇಯಲು ಹೋಗುತ್ತವೆ, ಹೊಸದಾಗಿ ಬಂದವುಗಳನ್ನು ಎಷ್ಟು ದಿನ ಬೇರೆ ಕಟ್ಟಲಾಗುತ್ತದೆ ಎಂಬುದನ್ನೂ ಸಭೆಯ ನಡಾವಳಿಯಲ್ಲಿ ಬರೆಯಿಸಬೇಕಾಗುತ್ತದೆ.