ತಂದವನೇ ಎಣಿಸಿದರೆ

ಔರಾದ್ ಹತ್ತಿರದ ನಮ್ಮೂರಲ್ಲಿ ಕಿರಾಣಿ ಅಂಗಡಿಯ ಉದ್ರಿ ವಹಿಯೇ ನಮ್ಮ ಕ್ರೆಡಿಟ್ ಕಾರ್ಡ್. ಸಾಮಾನು ತರೋನು ನಾನು, ಬರೆಯೋರು ಸಾವ್ಕಾರ್ರು, ಮನೇಲಿ ಎಣಿಸೋಳು ಅವ್ವ. "ತಂದಾಂವನೇ ಎಣಿಸಿದ್ರ ಲೆಕ್ಕ ಹೆಂಗ ಕೂಡ್ತದ?" ಅಂತಿದ್ಲು.

ಸರ್ಕಾರಿ ಕಚೇರಿಗಳಿಗೆ ಖರೀದಿ ಕಾರ್ಡ್ ಕೊಟ್ಟುಬಿಟ್ಟರೆ ಎಲ್ಲ ಪಾರದರ್ಶಕ ಅನ್ನೋ ನನ್ನಂಥ ಟೆಕ್ಕಿಗಳ ವಾದ ಸೋಲೋದು ಇಲ್ಲೇ. ಅಮೆರಿಕದಲ್ಲಿ ಇಂಥ ಕಾರ್ಡ್‌ಗಳು ದಶಕಗಳಿಂದ ಇವೆ. ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2008ರಲ್ಲಿ ವರದಿ ಕೊಟ್ಟಿತು. ಅಂದಾಜು ಶೇ. 41ರಷ್ಟು ವ್ಯವಹಾರಗಳಿಗೆ ಸರಿಯಾದ ಮಂಜೂರಾತಿ ಇರಲಿಲ್ಲ, ಇಲ್ಲವೇ ಸಾಮಾನು ಬಂದಿದ್ದನ್ನು ಬೇರೊಬ್ಬರು ನೋಡಿರಲಿಲ್ಲ. ದುಡ್ಡು ಎಲ್ಲಿಗೆ ಹೋಯ್ತು ಅಂತ ಕಾರ್ಡ್ ಹೇಳುತ್ತೆ. ಸಾಮಾನು ಬಂತಾ ಅಂತ ಹೇಳಲ್ಲ.

ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017ರಲ್ಲಿ ಬಂದಾಗ, ಜೆಮ್ ಪೋರ್ಟಲಿನಲ್ಲಿ ಸಿಗದ ಸಾಮಾನನ್ನು 25,000 ರೂ.ವರೆಗೆ ಕೊಟೇಶನ್ ಇಲ್ಲದೆ ಕೊಳ್ಳಬಹುದಿತ್ತು. ಅಧಿಕಾರಿಯ ಪ್ರಮಾಣಪತ್ರ ಸಾಕು. ಬೇಡಿಕೆಯನ್ನು ತುಂಡು ಮಾಡಬಾರದು ಎಂದು 157ನೇ ನಿಯಮವೇನೋ ಹೇಳುತ್ತೆ. ಆದರೆ ಬೀದರಿನಲ್ಲೋ ಭಾಲ್ಕಿಯಲ್ಲೋ ಒಂದು ಕೇಂದ್ರ ಕಚೇರಿ 60,000 ರೂ. ಪರದೆಗಳಿಗೆ 20,000ದ ಮೂರು ಬಿಲ್ ಮಾಡಿಸಿತು ಅಂದ್ಕೊಳ್ಳಿ. ಒಂದೊಂದಾಗಿ ನೋಡಿದರೆ ಮೂರೂ ಸರಿ!

ಹಾಗಾಗಿ ಅಪಾಯ ಅಳೆಯೋರು ಮಿತಿ ಎಷ್ಟು ಅಂತಷ್ಟೇ ಕೇಳಿದರೆ ಸಾಲದು. ಬೇಕು ಅಂದವರು ಯಾರು, ಕೊಂಡವರು ಯಾರು, ಎಣಿಸಿದವರು ಯಾರು? ಮೂರಕ್ಕೂ ಒಂದೇ ಹೆಸರಿದ್ದರೆ, ಒಂದೇ ಅಂಗಡಿಯ ಬಿಲ್ಲುಗಳು ಒಂದೇ ವಾರ ಬಂದರೆ, ನಮ್ಮ ಸಾಫ್ಟ್‌ವೇರ್ ಎಚ್ಚರಿಸಬಹುದು. ಪರದೆ ಎಣಿಸೋಕೆ ಮಾತ್ರ ಅವ್ವನಂಥವರೇ ಬೇಕು.